ಬೀಗ ಹಾಕಿದ ಮನೆಯಲ್ಲಿ ಯಾವ ಗಿಡ ಬದುಕುತ್ತದೆ? ಮಾರಾಟಕ್ಕಿದ್ದ ಒಂದು ಫ್ಲಾಟಿನ ಪ್ರಕರಣ

ಎರಡು ಬೆಡ್‌ರೂಮಿನ ಫ್ಲಾಟ್. ಮನೆಯವರು ಆಗಲೇ ಬೇರೆ ಊರಿಗೆ ಹೋಗಿ ನೆಲೆಸಿದ್ದರು. ಮುಕ್ಕಾಲು ಪಾಲು ಸಾಮಾನು ಸಾಗಿಸಿಯಾಗಿತ್ತು. ಒಂದು ಸೋಫಾ, ಊಟದ ಮೇಜು, ಎರಡು ಮಂಚ, ಕಿಟಕಿ ಪಕ್ಕ ಒಂದು ಓದುವ ಮೇಜು, ಇಷ್ಟನ್ನು ಮಾತ್ರ ಬಿಟ್ಟಿದ್ದರು. ನೋಡಲು ಬಂದವರಿಗೆ ಮನೆ ಬಿಕೋ ಅನ್ನಬಾರದು ಎಂದು ಯಾರೋ ಹೇಳಿದ್ದರಂತೆ. ಹಾಗಾಗಿ ಒಡತಿ ಒಂದು ರಾಶಿ ಗಿಡ ತಂದಿಟ್ಟು ಹೋಗಿದ್ದರು. ನನ್ನನ್ನು ಕರೆಯುವ ಹೊತ್ತಿಗೆ ಆ ಗಿಡಗಳಿಂದಲೇ ಮನೆ ಕೆಟ್ಟದಾಗಿ ಕಾಣುತ್ತಿತ್ತು.

ಮಾರಾಟಕ್ಕಿಡುವ ಮನೆಗಳನ್ನು ಸಜ್ಜು ಮಾಡಿಕೊಡುವುದು ನನ್ನ ಕೆಲಸ. ಅದರಲ್ಲಿ ಗಿಡದ ಪಾಲು ಸಣ್ಣದು. ಆದರೂ ಈ ಮನೆಯ ಬಗ್ಗೆ ಬರೆಯಬೇಕು ಅನಿಸಿತು. ಯಾಕೆಂದರೆ ಗಿಡ ಆರಿಸುವಾಗ ಬಹಳ ಜನ ತಾವು ಅಲ್ಲೇ ವಾಸ ಇರುವ ಹಾಗೆ ಯೋಚಿಸುತ್ತಾರೆ. ಮಾರಾಟಕ್ಕಿರುವ ಮನೆಯ ದಿನಚರಿಯೇ ಬೇರೆ. ಹೆಚ್ಚು ಹೊತ್ತು ಬೀಗ. ಪರದೆ ಎಳೆದೇ ಇರುತ್ತದೆ. ಗಾಳಿ ಆಡುವುದಿಲ್ಲ. ಎರಡು ವಾರ ಯಾರೂ ಕಾಲಿಡುವುದಿಲ್ಲ, ಆಮೇಲೆ ಒಂದೇ ದಿನ ನಾಲ್ಕು ಮಂದಿ ಬರುತ್ತಾರೆ. ಗಿಡ ಆ ದಿನಚರಿಗೆ ಒಗ್ಗಬೇಕು.

ಮೊದಲು ಇದ್ದ ಗಿಡಗಳು

ಒಟ್ಟು ಹದಿನಾಲ್ಕು ಕುಂಡ ಇದ್ದವು. ಹಾಲ್‌ನಲ್ಲಿ ಆಳೆತ್ತರದ ಫಿಡಲ್ ಲೀಫ್ ಫಿಗ್. ಮನೆ ಅಲಂಕಾರದ ಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವ, ಪಿಟೀಲಿನ ಆಕಾರದ ದೊಡ್ಡ ಎಲೆಯ ಗಿಡ ಅದು. ಪಶ್ಚಿಮ ಆಫ್ರಿಕಾದ ಮಳೆಕಾಡು ಅದರ ತವರು. ಚೆನ್ನಾದ ಬೆಳಕು ಬೇಕು, ಜಾಗ ಬದಲಿಸಿದರೆ ಸಿಟ್ಟು. ನರ್ಸರಿಯಿಂದ ಬಂದ ಕೆಲವೇ ದಿನಕ್ಕೆ ಕೆಳಗಿನ ಎಲೆಗಳನ್ನೆಲ್ಲ ಉದುರಿಸಿ, ತುದಿಯಲ್ಲಿ ನಾಲ್ಕು ಎಲೆ ಹೊತ್ತು ನಿಂತಿತ್ತು. ಅದರ ಜೊತೆಗೆ ಎರಡು ಅರೆಕಾ ಪಾಮ್. ಮಡಗಾಸ್ಕರ್ ಮೂಲದ ಈ ಗಿಡಕ್ಕೂ ಬೆಳಕು ಬೇಕು, ಗಾಳಿಯಲ್ಲಿ ತೇವವೂ ಬೇಕು. ಗರಿಗಳ ತುದಿ ಕಂದು ತಿರುಗಿ ಒಣಗಿತ್ತು.

ಓದುವ ಮೇಜಿನ ಮೇಲೆ ಅಂಗೈಯಗಲದ ಕುಂಡಗಳಲ್ಲಿ ಸಕ್ಯುಲೆಂಟ್‌ಗಳ ಸಾಲು. ಕಳ್ಳಿಯ ಜಾತಿ, ಆರೈಕೆ ಬೇಡ ಎಂದು ತಂದದ್ದು. ನೀರು ಕಡಿಮೆ ಸಾಕು ಅನ್ನುವುದು ನಿಜ. ಆದರೆ ನೀರು ಬೇಡ ಎಂದರೆ ಬೆಳಕೂ ಬೇಡ ಎಂದು ಅರ್ಥವಲ್ಲ. ಇವು ಬಿಸಿಲಿನ ಗಿಡ. ಪರದೆ ಎಳೆದ ಕೋಣೆಯಲ್ಲಿ ಬೆಳಕು ಹುಡುಕುತ್ತಾ ಕತ್ತು ಉದ್ದ ಮಾಡಿಕೊಂಡು, ಬಣ್ಣ ಕಳೆದುಕೊಂಡು, ಒಂದರ ಮೇಲೊಂದು ವಾಲಿಕೊಂಡಿದ್ದವು. ಊಟದ ಮೇಜಿನ ಮೇಲೆ ಪೀಸ್ ಲಿಲಿ. ಉಳಿದವು ಹೂವಿನ ಗಿಡಗಳು, ಆಗಲೇ ಹೂ ಮುಗಿಸಿದ್ದವು.

ಇದಕ್ಕಿಂತ ಕೆಟ್ಟ ವಿಷಯ ಇನ್ನೊಂದಿತ್ತು. ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಮುಖದ ಸುತ್ತ ಹಾರಾಡುವ ಸಣ್ಣ ಕರಿ ನುಸಿ. ಮನೆ ನೋಡಲು ಬಂದ ಒಬ್ಬರು ಏಜೆಂಟ್ ಹತ್ತಿರ "ಮನೆಯಲ್ಲಿ ತೇವ ಇದೆಯಾ?" ಎಂದು ಕೇಳಿ ಹೊರಟೇಹೋದರಂತೆ.

ನೀರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ

"ಯಾರೂ ಇಲ್ಲದ ಮನೆ, ನೀರಿಲ್ಲದೆ ಸತ್ತವು, ಅಲ್ವಾ?" ಎಂದು ಒಡತಿ ಫೋನಿನಲ್ಲಿ ಕೇಳಿದರು. ನಾನು ಪೀಸ್ ಲಿಲಿಯ ಕುಂಡ ಎತ್ತಿ ನೋಡಿದೆ. ಕಲ್ಲಿನ ಭಾರ. ಬುಡ ಹಿಡಿದು ಎಳೆದರೆ ಗಿಡ ಸುಲಭವಾಗಿ ಕೈಗೆ ಬಂತು. ಬೇರು ಕಂದಾಗಿ, ಮೆತ್ತಗಾಗಿ, ವಾಸನೆ ಹೊಡೆಯುತ್ತಿತ್ತು. ಆರೋಗ್ಯವಾಗಿರುವ ಬೇರು ಬಿಳಿಯಾಗಿ ಅಥವಾ ತಿಳಿ ಕಂದಾಗಿ, ಗಟ್ಟಿಯಾಗಿ ಇರುತ್ತದೆ. ಎಲೆ ಬಾಡಿದ್ದೇನೋ ಬಾಯಾರಿದ ಗಿಡದ ಹಾಗೇ. ಬೇರು ಕೊಳೆತ ಗಿಡಕ್ಕೆ ಮಣ್ಣು ತುಂಬಾ ನೀರಿದ್ದರೂ ಹೀರಲಾಗುವುದಿಲ್ಲ. ನೋಡಿದವರು ಬಾಡಿದೆ ಎಂದು ಮತ್ತೆ ಒಂದು ಚೊಂಬು ಸುರಿಯುತ್ತಾರೆ. ಅಲ್ಲಿಗೆ ಗಿಡದ ಕತೆ ಮುಗಿಯುತ್ತದೆ.

ಸುರಿದವರು ಯಾರು ಎಂದು ವಿಚಾರಿಸಿದೆ. ಕೀಲಿಕೈ ಮೂವರ ಹತ್ತಿರ ಇತ್ತು. ಎದುರುಮನೆಯ ಹಿರಿಯರು, ಒಡತಿ ಅವರನ್ನು ಅಂಕಲ್ ಎಂದು ಕರೆಯುತ್ತಾರೆ, ಅಕ್ಕರೆಯಿಂದ ಆಗಾಗ ಬಂದು ನೀರು ಹಾಕುತ್ತಿದ್ದರು. ಏಜೆಂಟ್ ಕಡೆಯ ಹುಡುಗ ಯಾರನ್ನಾದರೂ ಕರೆತಂದಾಗ, ಬಂದವರು ಬರುವ ಮೊದಲು ಎಲ್ಲ ಕುಂಡಕ್ಕೂ ಒಂದು ಸುತ್ತು ಹಾಕುತ್ತಿದ್ದ. ಒಡತಿಯ ತಮ್ಮ ವಾರಕ್ಕೊಮ್ಮೆ ಬಂದು ಕಿಟಕಿ ತೆಗೆದು ಹಾಕಿ, ಹೋಗುವಾಗ ನೀರು ಹಾಕುತ್ತಿದ್ದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೂವರೂ ಒಳ್ಳೆಯವರೇ. ಆ ಒಳ್ಳೆಯತನವೇ ಗಿಡಗಳನ್ನು ಮುಳುಗಿಸಿತ್ತು.

ಇಲ್ಲಿ ಬೆಳಕಿನ ಲೆಕ್ಕವೂ ಸೇರುತ್ತದೆ. ಗಿಡ ನೀರು ಹೀರುವುದು ಅದಕ್ಕೆ ಸಿಗುವ ಬೆಳಕಿಗೆ ತಕ್ಕ ಹಾಗೆ. ಬೆಳಕು ಕಡಿಮೆಯಾದರೆ ಆಹಾರ ತಯಾರಿಕೆ ನಿಧಾನ. ಎಲೆಯಿಂದ ಆವಿಯಾಗುವ ನೀರೂ ಕಡಿಮೆ. ಕುಂಡದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಕಿಟಕಿ ಪಕ್ಕ ಇದ್ದ ಗಿಡಕ್ಕೆ ಸರಿಯಾದ ನೀರು, ಅದೇ ಗಿಡವನ್ನು ಕತ್ತಲೆ ಮೂಲೆಗೆ ಇಟ್ಟರೆ ಜಾಸ್ತಿ. ಆ ನುಸಿಗೂ ಬೇಕಾದದ್ದು ಇದೇ. ಅದು ಒದ್ದೆ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿನ ಶಿಲೀಂಧ್ರ, ಕೊಳೆತ ಕಸ, ಎಳೆ ಬೇರು ತಿಂದು ಮೂರು ನಾಲ್ಕು ವಾರದಲ್ಲಿ ರೆಕ್ಕೆ ಬಿಚ್ಚುತ್ತವೆ. ಔಷಧಿ ಹೊಡೆಯುವುದಕ್ಕಿಂತ ಮೇಲಿನ ಒಂದೆರಡು ಅಂಗುಲ ಮಣ್ಣು ಚೆನ್ನಾಗಿ ಒಣಗುವಂತೆ ನೋಡಿಕೊಂಡರೆ ಅವುಗಳ ಸಂಸಾರ ನಿಲ್ಲುತ್ತದೆ.

ಹದಿನಾಲ್ಕರಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಬದುಕುವ ಲಕ್ಷಣ ಇದ್ದ ಅರೆಕಾಗಳನ್ನು ಅಂಕಲ್ ತಮ್ಮ ಬಾಲ್ಕನಿಗೆ ಒಯ್ದರು. ಫಿಡಲ್ ಗಿಡದ ಬಗ್ಗೆ ಒಡತಿಗೆ ಬೇಸರವಾಯಿತು. ಆದರೆ ಮನೆ ಕೊಳ್ಳಲು ಬಂದವರ ಕಣ್ಣಿಗೆ ಬೋಳು ಗಿಡ ಬೀಳಬಾರದು. ಗಿಡ ಇಲ್ಲದ ಮೂಲೆ ಬರೀ ಖಾಲಿ ಅನಿಸುತ್ತದೆ. ಸಾಯುತ್ತಿರುವ ಗಿಡ ಇಟ್ಟ ಮೂಲೆ ನೋಡಿದರೆ ಈ ಮನೆಯನ್ನು ಯಾರೂ ಸರಿಯಾಗಿ ನೋಡಿಕೊಂಡಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ಆಮೇಲೆ ಅವರು ನಲ್ಲಿ, ಬಾಗಿಲು, ಸ್ವಿಚ್ಚು ಎಲ್ಲವನ್ನೂ ಅದೇ ಅನುಮಾನದಿಂದ ನೋಡುತ್ತಾರೆ.

ಬೆಳಕನ್ನು ಅಳೆದದ್ದು

ಹೊಸ ಗಿಡದ ಪಟ್ಟಿ ಮಾಡುವ ಮೊದಲು ಮನೆಯ ಬೆಳಕನ್ನು ಅಳೆದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುವ ಆಪ್ ಫೋನಿನಲ್ಲಿ ಇರುತ್ತದೆ. ತುಂಬಾ ನಿಖರವಲ್ಲ, ಆದರೆ ಒಂದು ಮೂಲೆಗೂ ಇನ್ನೊಂದಕ್ಕೂ ಹೋಲಿಸಲು ಸಾಕು. ನಮ್ಮ ಕಣ್ಣು ಈ ವಿಷಯದಲ್ಲಿ ನಂಬಿಕೆಗೆ ಯೋಗ್ಯವಲ್ಲ. ಅದು ಕತ್ತಲಿಗೆ ಬೇಗ ಹೊಂದಿಕೊಂಡು ಎಲ್ಲವೂ ಬೆಳಕಾಗಿಯೇ ಇದೆ ಅನ್ನುತ್ತದೆ. ಹೊರಗೆ ನೇರ ಬಿಸಿಲಿನಲ್ಲಿ ಒಂದು ಲಕ್ಷ ಲಕ್ಸ್ ತನಕ ಇರುತ್ತದೆ. ಈ ಮನೆಯ ಹಾಲ್ ಕಿಟಕಿಯ ಪಕ್ಕ ಎರಡೂವರೆ ಸಾವಿರ ಚಿಲ್ಲರೆ ಇತ್ತು. ಅಲ್ಲಿಂದ ಎಂಟು ಅಡಿ ದೂರದ ಸೋಫಾ ಮೂಲೆಯಲ್ಲಿ ಮುನ್ನೂರರ ಆಸುಪಾಸು. ಊಟದ ಮೇಜಿನ ಹತ್ತಿರ ನಾನೂರು. ಬೆಡ್‌ರೂಮುಗಳ ನಡುವಿನ ಓಣಿಯಲ್ಲಿ ಅರವತ್ತು. ಬಾತ್‌ರೂಮಿಗೆ ಕಿಟಕಿ ಇರಲಿಲ್ಲ, ಬರೀ ಗಾಳಿಕಿಂಡಿ. ಅಲ್ಲಿ ಆಪ್ ಏನೂ ತೋರಿಸಲಿಲ್ಲ ಎಂದರೂ ನಡೆಯುತ್ತದೆ.

ಕಡಿಮೆ ಬೆಳಕಿನ ಗಿಡ ಎಂದು ಕರೆಯುವುದು ಸುಮಾರು 250ರಿಂದ 1,000 ಲಕ್ಸ್‌ನಲ್ಲಿ ತಡೆದುಕೊಳ್ಳುವ ಗಿಡಗಳನ್ನು. ಆ ಲೆಕ್ಕದಲ್ಲಿ ಸೋಫಾ ಮೂಲೆ ಅಂಚಿನಲ್ಲಿತ್ತು. ಆಪ್ ಇಲ್ಲದವರು ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡಬಹುದು. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಬೆಳಕು ಚೆನ್ನಾಗಿದೆ. ಮಸುಕಾಗಿದ್ದರೆ ಕಡಿಮೆ ಬೆಳಕಿನ ಗಿಡ ನಡೆಯುತ್ತದೆ. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಗಿಡವೂ ಬೇಡ.

ಇದೆಲ್ಲ ಪರದೆ ತೆರೆದಾಗಿನ ಲೆಕ್ಕ. ಪರದೆ ಎಳೆದು ಮತ್ತೆ ಅಳೆದಾಗ ಸೋಫಾ ಮೂಲೆ ಐವತ್ತಕ್ಕಿಂತ ಕೆಳಗಿಳಿಯಿತು. ದಪ್ಪ ಪರದೆಯನ್ನು ಒಡತಿ ಬೇಕೆಂದೇ ಎಳೆದಿಟ್ಟಿದ್ದರು. ಖಾಲಿ ಮನೆ, ಹೊರಗಿನವರಿಗೆ ಕಾಣಬಾರದು ಎಂದು. ಆ ಭಯ ಸಹಜ. ದಪ್ಪ ಪರದೆ ತೆಗೆದು ತೆಳು ಬಿಳಿ ಪರದೆ ಹಾಕಿಸಿದೆವು. ಹಗಲಿನಲ್ಲಿ ಹೊರಗಿನಿಂದ ಒಳಗೆ ಕಾಣುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಬೆಳಕು ಒಳಗೆ ಬರುತ್ತದೆ. ಗಿಡಗಳಿಗಾಗಿ ಮಾಡಿದ ಕೆಲಸಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಹಾಲ್ ಕೂಡ ದೊಡ್ಡದಾಗಿ ಕಂಡಿತು.

ಆರಿಸಿದ ಗಿಡಗಳು

ನನ್ನ ಪಟ್ಟಿಯಲ್ಲಿ ಯಾವತ್ತೂ ಮೊದಲು ಬರುವುದು ಜೀಜೀ ಪ್ಲಾಂಟ್. ಪೂರ್ವ ಆಫ್ರಿಕಾದ ಒಣ ಹುಲ್ಲುಗಾವಲು, ಕುರುಚಲು ಕಾಡಿನ ಗಿಡ. 1996ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನ ನರ್ಸರಿಗಳು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಶುರು ಮಾಡಿದ ಮೇಲೆ ಇದು ಮನೆ ಮನೆಗೆ ಬಂತು. ಮಣ್ಣಿನ ಕೆಳಗೆ ಆಲೂಗಡ್ಡೆ ಗಾತ್ರದ ಗೆಡ್ಡೆಗಳಿರುತ್ತವೆ. ನೀರು ಅದರಲ್ಲೇ ದಾಸ್ತಾನು. ಮೂರು ನಾಲ್ಕು ವಾರ ಯಾರೂ ತಿರುಗಿ ನೋಡದಿದ್ದರೂ ಎಲೆಯ ಹೊಳಪು ಕುಗ್ಗುವುದಿಲ್ಲ. ಎಣ್ಣೆ ಸವರಿದಂತೆ ಮಿನುಗುವ ಆ ಎಲೆಯೇ ಮಾರಾಟದ ಮನೆಗೆ ದೊಡ್ಡ ಲಾಭ. ಸಣ್ಣ ಬೆಳಕನ್ನೂ ಹಿಡಿದು ತೋರಿಸುತ್ತದೆ, ಫೋಟೋದಲ್ಲಿ ಜೀವಂತ ಕಾಣುತ್ತದೆ.

ಇದರ ಇನ್ನೊಂದು ಗುಣವನ್ನು ಹೆಚ್ಚಿನವರು ದೋಷ ಅನ್ನುತ್ತಾರೆ. ತುಂಬಾ ನಿಧಾನವಾಗಿ ಬೆಳೆಯುತ್ತದೆ. ಮನೆಗೆ ಗಿಡ ತರುವವರಿಗೆ ಹೊಸ ಚಿಗುರು ಬೇಕು. ಮನೆ ಮಾರುವವರಿಗೆ ಬೇಡ. ಮೊದಲ ದಿನ ತೆಗೆದ ಫೋಟೋದಲ್ಲಿ ಹೇಗಿತ್ತೋ, ಎರಡು ತಿಂಗಳಾದ ಮೇಲೆ ನೋಡಲು ಬಂದವರಿಗೂ ಹಾಗೇ ಕಾಣಬೇಕು. ಕಡಿಮೆ ಬೆಳಕಿನಲ್ಲಿ ಬದುಕುವ ಗಿಡಗಳು ಅಲ್ಲಿ ಖುಷಿಯಾಗಿ ಬೆಳೆಯುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವು ಕೂಡಿಟ್ಟದ್ದನ್ನು ಮೆಲ್ಲಗೆ ಖರ್ಚು ಮಾಡಿಕೊಂಡು ತಡೆದುಕೊಳ್ಳುತ್ತವೆ ಅಷ್ಟೇ. ನಮಗೆ ಬೇಕಿರುವುದೂ ಕೆಲವು ತಿಂಗಳ ತಡೆದುಕೊಳ್ಳುವಿಕೆ. ಸೋಫಾ ಮೂಲೆಗೆ ದೊಡ್ಡದೊಂದು, ಬಾತ್‌ರೂಮಿನ ಕಟ್ಟೆಗೆ ಚಿಕ್ಕದೊಂದು ಆರಿಸಿದೆ. ಬಾತ್‌ರೂಮಿನಲ್ಲಿ ಬೆಳಕೇ ಇಲ್ಲವಲ್ಲ, ಅದಕ್ಕೆ ಪಾಳಿ ವ್ಯವಸ್ಥೆ. ಅದೇ ಅಳತೆಯ ಇನ್ನೊಂದು ಜೀಜೀಯನ್ನು ಓದುವ ಕೋಣೆಯ ಕಿಟಕಿ ಹತ್ತಿರ ಇಟ್ಟು, ಎರಡು ವಾರಕ್ಕೊಮ್ಮೆ ಒಂದರ ಜಾಗಕ್ಕೆ ಇನ್ನೊಂದು.

ಹಾಲ್ ಕಿಟಕಿಯ ಪಕ್ಕ ಮೂರೂವರೆ ಅಡಿ ಎತ್ತರದ ಸ್ನೇಕ್ ಪ್ಲಾಂಟ್. ಇದನ್ನು ಸಸ್ಯಶಾಸ್ತ್ರಜ್ಞರು ಬಹುಕಾಲ ಸಾನ್ಸೆವೀರಿಯಾ ಎನ್ನುತ್ತಿದ್ದರು. 2017ರಲ್ಲಿ ಡ್ರಸೀನಾ ಕುಲಕ್ಕೆ ಸೇರಿಸಿದರು. ನರ್ಸರಿಯವರು ಇನ್ನೂ ಹಳೆಯ ಹೆಸರನ್ನೇ ಹೇಳುತ್ತಾರೆ, ಗೊಂದಲ ಬೇಡ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಸ್ನೇಕ್ ಪ್ಲಾಂಟ್ ಆ ಕೆಲಸವನ್ನು ರಾತ್ರಿ ಮಾಡುತ್ತದೆ. ಹಾಗಾಗಿ ನೀರಿನ ಖರ್ಚು ತೀರಾ ಕಡಿಮೆ. ಇದೇ ಕಾರಣಕ್ಕೆ ರಾತ್ರಿ ಆಮ್ಲಜನಕ ಕೊಡುತ್ತದೆ, ಮಲಗುವ ಕೋಣೆಯಲ್ಲಿ ಇಡಿ ಎಂಬ ಮಾತು ಹಬ್ಬಿದೆ. ಒಂದು ಕುಂಡದಿಂದ ಕೋಣೆಯ ಗಾಳಿಯಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಏನೂ ಆಗುವುದಿಲ್ಲ. ನಾನು ಇದನ್ನು ಆರಿಸುವುದು ಆಕಾರಕ್ಕೆ. ನೆಟ್ಟಗೆ ಮೇಲೆ ಹೋಗುತ್ತದೆ, ಅಗಲಕ್ಕೆ ಹರಡುವುದಿಲ್ಲ. ಓಡಾಡುವ ಜಾಗ ಕದಿಯುವುದಿಲ್ಲ.

ಊಟದ ಮೇಜಿಗೆ ಒಡತಿ ಮತ್ತೆ ಪೀಸ್ ಲಿಲಿ ಕೇಳಿದರು. ಚೆಂದದ ಗಿಡ, ಬಿಳಿ ಹೂವು, ಕಡಿಮೆ ಬೆಳಕೂ ತಡೆಯುತ್ತದೆ. ಆದರೆ ನೀರು ಒಂದು ದಿನ ತಡವಾದರೆ ಎಲೆಯೆಲ್ಲ ಜೋತುಬೀಳುತ್ತದೆ. ನೀರು ಹಾಕಿದ ಕೆಲವೇ ಗಂಟೆಯಲ್ಲಿ ಏಳುತ್ತದೆ, ಅದೂ ನಿಜ. ಮನೆಯಲ್ಲಿ ವಾಸ ಇರುವವರಿಗೆ ಇದು ಒಳ್ಳೆಯ ಎಚ್ಚರಿಕೆ ಗಂಟೆ. ಬೀಗ ಹಾಕಿದ ಮನೆಯಲ್ಲಿ ಅದು ಜೋತುಬೀಳುವುದು ಯಾರೋ ಬಾಗಿಲು ತೆಗೆಯುವ ದಿನವೇ ಇರಬಹುದು. ಬದಲಿಗೆ ಬೂದಿ ಬಣ್ಣದ ಗೆರೆಗಳಿರುವ ಅಗ್ಲೋನೀಮಾ ಇಟ್ಟೆವು. ಅಗ್ಲೋನೀಮಾದಲ್ಲಿ ಕೆಂಪು, ಗುಲಾಬಿ ಬಣ್ಣದವೂ ಸಿಗುತ್ತವೆ. ಅವಕ್ಕೆ ಬೆಳಕು ಜಾಸ್ತಿ ಬೇಕು, ಇಲ್ಲದಿದ್ದರೆ ಬಣ್ಣ ಮಾಸುತ್ತದೆ. ಹಸಿರು ಜಾಸ್ತಿ ಇದ್ದಷ್ಟೂ ಕತ್ತಲೆ ತಡೆಯುವ ಶಕ್ತಿ ಜಾಸ್ತಿ. ಚಳಿಗಾಳಿ ಮಾತ್ರ ಇದಕ್ಕೆ ಆಗುವುದಿಲ್ಲ, ಹಾಗಾಗಿ ಬಾಗಿಲ ನೇರಕ್ಕೆ ಇಡಲಿಲ್ಲ.

ದೊಡ್ಡ ಬೆಡ್‌ರೂಮಿಗೆ ಪಾರ್ಲರ್ ಪಾಮ್. ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡಿನಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಸಣ್ಣ ತಾಳೆ. ಅರೆಕಾದ ಹಾಗೇ ಗರಿ ಗರಿಯಾಗಿದೆ, ಹಠ ಕಡಿಮೆ. ಓದುವ ಮೇಜಿಗೆ ಸ್ಪೈಡರ್ ಪ್ಲಾಂಟ್. ಅಡುಗೆಮನೆಗೆ ಕುಂಡವೇ ಬೇಡ ಎಂದೆ. ಮನಿಪ್ಲಾಂಟಿನ ಮೂರು ಬಳ್ಳಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಗಾಜಿನ ಸೀಸೆಯಲ್ಲಿ ನೀರಿಗೆ ಹಾಕಿಟ್ಟದ್ದಷ್ಟೇ. ಮಣ್ಣಿಲ್ಲ, ನುಸಿ ಇಲ್ಲ. ವಾರಕ್ಕೊಮ್ಮೆ ನೀರು ಬದಲಿಸಿದರೆ ಆಯಿತು. ಅಡುಗೆಕಟ್ಟೆಯ ಮೇಲೆ ಅದಕ್ಕಿಂತ ಜಾಸ್ತಿ ಏನಾದರೂ ಇಟ್ಟರೆ ಕಟ್ಟೆ ಚಿಕ್ಕದು ಎನಿಸುತ್ತದೆ.

ಓಣಿಗೆ ಏನೂ ಇಡಲಿಲ್ಲ. ಅಲ್ಲಿ ಬೆಳಕಿಲ್ಲ, ಅಗಲವೂ ಇಲ್ಲ. ಪ್ಲಾಸ್ಟಿಕ್ ಗಿಡ ಇಡಬಹುದಲ್ಲ ಎಂದು ಏಜೆಂಟ್ ಹೇಳಿದರು. ಎತ್ತರದ ಕಪಾಟಿನ ಮೇಲೆ, ಕೈಗೆ ಸಿಗದ ಕಡೆ ಒಂದು ಕೃತಕ ಗಿಡ ಇದ್ದರೆ ನನ್ನ ತಕರಾರಿಲ್ಲ. ಕೈ ತಾಗುವ ಕಡೆ ಇಟ್ಟರೆ ಜನ ಮುಟ್ಟಿ ನೋಡುತ್ತಾರೆ. ಮುಟ್ಟಿದ ಮೇಲೆ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ, ಅದು ನಮಗೆ ಒಳ್ಳೆಯದಲ್ಲ. ಹೀಗೆ ಹದಿನಾಲ್ಕು ಇದ್ದದ್ದು ಏಳು ಕುಂಡ, ಒಂದು ಸೀಸೆಗೆ ಇಳಿಯಿತು.

ಗೋಡೆಯ ಕಲೆ

ಹಾಲ್‌ನ ಒಂದು ಗೋಡೆಯ ಬುಡದಲ್ಲಿ, ಬಾತ್‌ರೂಮಿಗೆ ತಾಗಿದ ಕಡೆ, ಬಣ್ಣ ಗುಳ್ಳೆ ಎದ್ದು ಉದುರುತ್ತಿತ್ತು. ಮೊದಲು ಫಿಡಲ್ ಗಿಡ ನಿಂತಿದ್ದು ಅದರ ಮುಂದೆಯೇ. ಅದು ಆಕಸ್ಮಿಕ ಅಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. "ಅಲ್ಲೊಂದು ಪೊದೆಯಂಥ ಗಿಡ ಇಟ್ಟುಬಿಡಿ, ಮರೆಯಾಗುತ್ತೆ" ಎಂದು ಒಡತಿ ಹೇಳಿದರು.

ನಾನು ಒಪ್ಪಲಿಲ್ಲ. ನೀತಿ ಪಾಠ ಹೇಳುವ ಉದ್ದೇಶದಿಂದಲ್ಲ, ಆದರೂ ತೇವವನ್ನು ಮುಚ್ಚಿಟ್ಟು ಮನೆ ಮಾರುವುದು ಮೋಸವೇ. ಅದಿರಲಿ, ಅದು ಮುಚ್ಚಿಕೊಳ್ಳುವುದೂ ಇಲ್ಲ. ಮನೆ ಕೊಳ್ಳಲು ಗಂಭೀರವಾಗಿ ಬಂದವರು ಎರಡನೇ ಸಲ ಬಂದಾಗ ತಿಳಿದವರೊಬ್ಬರನ್ನು ಕರೆತರುತ್ತಾರೆ. ಆ ತಿಳಿದವರು ಮೊದಲು ಮಾಡುವ ಕೆಲಸವೇ ಸೋಫಾ ಸರಿಸುವುದು, ಕುಂಡ ಸರಿಸುವುದು. ಕುಂಡದ ಹಿಂದೆ ಕಲೆ ಸಿಕ್ಕಿತು ಎಂದುಕೊಳ್ಳಿ. ಆಗ ಒಂದು ಪೈಪಿನ ಸೋರಿಕೆ ಇಡೀ ಮನೆಯ ಮೇಲಿನ ಅಪನಂಬಿಕೆಯಾಗುತ್ತದೆ. ಮುಂದೆ ಒದ್ದೆ ಮಣ್ಣಿನ ಕುಂಡ ಇಟ್ಟರೆ ಗೋಡೆ ಒಣಗುವುದೂ ಕಷ್ಟ.

ಕೊಳಾಯಿ ಕೆಲಸದವರು ಬಂದು ನೋಡಿದಾಗ ಗೋಡೆಯೊಳಗಿನ ಪೈಪಿನ ಒಂದು ಜೋಡಣೆ ಸಣ್ಣಗೆ ಸೋರುತ್ತಿತ್ತು. ಸರಿಪಡಿಸಿದರು. ಗೋಡೆ ಪೂರ್ತಿ ಒಣಗಲು ಬಿಟ್ಟು ಆಮೇಲೆ ಬಣ್ಣ ಹೊಡೆಸಿದರು. ದುರಸ್ತಿಯ ಬಿಲ್ಲನ್ನು ಮನೆಯ ಕಾಗದಪತ್ರದ ಜೊತೆ ಇಡಿಸಿದೆ. ಆ ಗೋಡೆಯ ಮುಂದೆ ಬೇಕೆಂದೇ ಏನೂ ಇಡಲಿಲ್ಲ.

ಗಿಡ ಕಣ್ಣನ್ನು ಕರೆಯುತ್ತದೆ. ಎಲ್ಲಿ ಗಿಡ ಇದೆಯೋ ಅಲ್ಲಿಗೆ ನೋಟ ಮೊದಲು ಹೋಗುತ್ತದೆ. ಹಾಗಿರುವಾಗ ಮನೆಯ ಕುಂದು ಇರುವ ಕಡೆ ಗಿಡ ಇಟ್ಟರೆ ಅದರ ಕಡೆ ಬೆರಳು ಮಾಡಿ ತೋರಿಸಿದ ಹಾಗೆ. ಈ ಮನೆಯಲ್ಲಿ ಮೆಚ್ಚುವಂಥದ್ದು ಹಾಲ್‌ನ ಅಗಲ ಕಿಟಕಿ. ಸ್ನೇಕ್ ಪ್ಲಾಂಟ್ ಅಲ್ಲಿಗೆ ಹೋಗಿದ್ದು ಅದಕ್ಕೇ. ಕಿಟಕಿಯ ಎದುರಿಗೆ ಅಲ್ಲ, ಪಕ್ಕಕ್ಕೆ. ಎದುರಿಗೆ ಇಟ್ಟರೆ ಬೆಳಕು ಹಿಂದಿನಿಂದ ಬಂದು ಫೋಟೋದಲ್ಲಿ ಗಿಡ ಕರಿ ನೆರಳಾಗುತ್ತದೆ, ಕಿಟಕಿಯ ಹೊರಗಿನ ನೋಟಕ್ಕೂ ಅಡ್ಡ.

ಫೋಟೋದವರಿಗೆ ಒಂದೇ ಮಾತು ಹೇಳಿದ್ದೆ. ಗಿಡ ಚಿತ್ರದ ಅಂಚಿಗೆ ಬರಬಾರದು. ಕೋಣೆ ಪೂರ್ತಿ ಹಿಡಿಯಲು ಅಗಲ ಕೋನದ ಲೆನ್ಸ್ ಬಳಸುತ್ತಾರೆ. ಆ ಲೆನ್ಸಿನಲ್ಲಿ ಅಂಚಿನ ವಸ್ತುಗಳು ಎಳೆದಂತೆ ಅಗಲವಾಗುತ್ತವೆ. ಕ್ಯಾಮೆರಾಗೆ ಹತ್ತಿರವಿದ್ದ ಕುಂಡ ಪೀಪಾಯಿಯ ಗಾತ್ರಕ್ಕೆ ಕಾಣುತ್ತದೆ, ಅದರ ಹಿಂದಿನ ಕೋಣೆ ಚಿಕ್ಕದಾಗುತ್ತದೆ.

ಕುಂಡ, ತಟ್ಟೆ, ನೆಲ

ಎಲ್ಲ ಗಿಡಗಳನ್ನೂ ನರ್ಸರಿಯ ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಆ ಕುಂಡವನ್ನು ಚೆಂದದ ಹೊರಕುಂಡದೊಳಗೆ ಇಳಿಸಿದೆವು. ಬೇರು ಕೆದಕಿದ ಹಾಗಾಗುವುದಿಲ್ಲ. ನೀರು ಹಾಕುವಾಗ ಒಳಗಿನ ಕುಂಡ ಮಾತ್ರ ಎತ್ತಿ, ಸಿಂಕಿನಲ್ಲಿ ಹಾಕಿ, ಬಸಿಯಲು ಬಿಟ್ಟು, ಮತ್ತೆ ಇಳಿಸಬಹುದು. ಒಂದು ಎಚ್ಚರ ಬೇಕು. ಹೊರಕುಂಡದ ತಳದಲ್ಲಿ ನೀರು ನಿಂತರೆ ಮೇಲಿಂದ ಕಾಣುವುದಿಲ್ಲ. ಅದಕ್ಕೆ ತಳದಲ್ಲಿ ಒಂದಂಗುಲ ದಪ್ಪದ ಬಿಲ್ಲೆ ಇಟ್ಟು ಒಳಕುಂಡ ಎತ್ತರಿಸಿದೆವು.

ಮಣ್ಣಿನ ಕುಂಡವನ್ನು ನಾನು ಬೇಡ ಎಂದೆ. ಗಿಡಕ್ಕೆ ಅದು ಒಳ್ಳೆಯದೇ, ಉಸಿರಾಡುತ್ತದೆ. ಆದರೆ ಮೆರುಗು ಹಚ್ಚದ ಮಣ್ಣಿನ ತಟ್ಟೆ ತಳದಿಂದ ತೇವ ಬಿಡುತ್ತದೆ. ಮರದ ನೆಲದ ಮೇಲೆ ವಾರಗಟ್ಟಲೆ ಇದ್ದರೆ ದುಂಡಗಿನ ಕಪ್ಪು ಕಲೆ ಬೀಳುತ್ತದೆ. ಮಾರುವ ಮನೆಯ ನೆಲಕ್ಕೆ ಅಂಥ ಕಲೆ ಬೇಕಾ? ಕುಂಡದ ಮೇಲೆ ಬಿಳಿ ಬೆಣಚುಕಲ್ಲು ಹರಡುವ ಫ್ಯಾಷನ್ ಇದೆ, ಅದನ್ನೂ ಬಿಟ್ಟೆವು. ಕಲ್ಲು ಮುಚ್ಚಿದರೆ ಮಣ್ಣು ಒಣಗಿದೆಯೋ ಇಲ್ಲವೋ ನೋಡುವವರಿಗೆ ಗೊತ್ತಾಗುವುದಿಲ್ಲ.

ಹೊರಕುಂಡಗಳೆಲ್ಲ ಒಂದೇ ಬಣ್ಣ, ಮಾಸಲು ಬಿಳಿ. ಮೊದಲಿದ್ದ ಹದಿನಾಲ್ಕು ಕುಂಡಗಳಿಗೆ ಹದಿನಾಲ್ಕು ಬಣ್ಣ ಇತ್ತು.

ನೀರಿಗೆ ಒಬ್ಬರೇ

ಕೀಲಿಕೈ ಮೂವರ ಹತ್ತಿರವೇ ಉಳಿಯಿತು. ನೀರು ಹಾಕುವ ಹಕ್ಕು ಮಾತ್ರ ಅಂಕಲ್‌ಗೆ. ಅವರಿಗೆ ಗಿಡ ಅಂದರೆ ಪ್ರೀತಿ, ಜೊತೆಗೆ ಎದುರುಮನೆ. "ಅಂಕಲ್, ಹದಿನೈದು ದಿನಕ್ಕೊಮ್ಮೆ ನೋಡಿ. ನೋಡಿ ಅಂದರೆ ಹಾಕಿ ಅಂತಲ್ಲ" ಎಂದು ಒಡತಿಯೇ ಹೇಳಿದರು. ಅವರು ನಕ್ಕರು. ಪರೀಕ್ಷೆ ಸುಲಭ. ಕುಂಡ ಎತ್ತಿ ನೋಡುವುದು. ಹಗುರ ಇದ್ದರೆ ನೀರು, ಭಾರ ಇದ್ದರೆ ಹಾಗೇ ಬಿಡುವುದು. ಅನುಮಾನ ಇದ್ದರೆ ಮರದ ಕಡ್ಡಿಯನ್ನು ತಳದ ತನಕ ಚುಚ್ಚಿ ತೆಗೆಯುವುದು. ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಒದ್ದೆ. ಜೀಜೀ, ಸ್ನೇಕ್ ಪ್ಲಾಂಟ್‌ಗಳಿಗೆ ಮಣ್ಣು ಪೂರ್ತಿ ಒಣಗಬೇಕು. ಅಗ್ಲೋನೀಮಾ, ಪಾಮ್, ಸ್ಪೈಡರ್‌ಗೆ ಮೇಲಿನ ಎರಡು ಅಂಗುಲ ಒಣಗಿದರೆ ಸಾಕು.

ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದೆವು. ನೀರು ಹಾಕಿದ ದಿನಾಂಕ ಅದರಲ್ಲಿ. ಏಜೆಂಟ್ ಕಡೆಯ ಹುಡುಗನಿಗೆ ಬೇರೆ ಕೆಲಸ ಕೊಟ್ಟೆವು. ಯಾರಾದರೂ ಬರುವ ಮೊದಲು ಕಿಟಕಿ ತೆಗೆಯುವುದು, ಒದ್ದೆ ಬಟ್ಟೆಯಿಂದ ಎಲೆ ಒರೆಸುವುದು, ಹಳದಿ ಎಲೆ ಇದ್ದರೆ ಕತ್ತರಿಸುವುದು. ಸುಮ್ನೆ ನಿಲ್ಲಲಾಗದವರಿಗೆ ಮಾಡಲು ಏನಾದರೂ ಇರಬೇಕು, ಇಲ್ಲದಿದ್ದರೆ ಅವರ ಕೈ ಮತ್ತೆ ನೀರಿನ ಚೊಂಬಿಗೇ ಹೋಗುತ್ತದೆ. ಬತ್ತಿಯಿಂದ ನೀರು ಎಳೆದುಕೊಳ್ಳುವ ಸ್ವಯಂಚಾಲಿತ ಕುಂಡಗಳನ್ನು ಏಜೆಂಟ್ ಸೂಚಿಸಿದ್ದರು. ಪೀಸ್ ಲಿಲಿಯಂಥ ಗಿಡಕ್ಕೆ ಅವು ಸರಿ. ಗೆಡ್ಡೆಯಲ್ಲಿ ನೀರು ಇಟ್ಟುಕೊಳ್ಳುವ ಗಿಡಗಳಿಗೆ ಸದಾ ತೇವ ಇರುವ ಮಣ್ಣು ವಿಷವೇ.

ಜಾಹೀರಾತಿನ ಒಂದು ಸಾಲು

ಏಜೆಂಟ್ ಬರೆದ ಜಾಹೀರಾತಿನಲ್ಲಿ "ಗಾಳಿ ಶುದ್ಧ ಮಾಡುವ ಗಿಡಗಳಿರುವ ಮನೆ" ಎಂದಿತ್ತು. ತೆಗೆಸಿದೆ. ಈ ನಂಬಿಕೆಯ ಬೇರು 1989ರ ನಾಸಾ ಅಧ್ಯಯನದಲ್ಲಿದೆ. ಬಿಲ್ ವುಲ್ವರ್ಟನ್ ಮತ್ತು ಸಂಗಡಿಗರು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು, ಕೆಲವು ರಾಸಾಯನಿಕಗಳು ಕಡಿಮೆಯಾಗುವುದನ್ನು ಕಂಡರು. ಅದು ಸುಳ್ಳಲ್ಲ. ಆದರೆ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲ ಸಂದಿ, ಕಿಟಕಿಯಿಂದ ಗಾಳಿ ಓಡಾಡುತ್ತಲೇ ಇರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಸಾಧಾರಣ ಗಾಳಿಯಾಟಕ್ಕೆ ಸಮ ಬರಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಂತೆ. ಏಳು ಕುಂಡಕ್ಕೆ ಆ ಹೊರೆ ಯಾಕೆ? ಆ ಸಾಲಿನ ಜಾಗದಲ್ಲಿ "ಹಾಲ್‌ಗೆ ಅಗಲ ಕಿಟಕಿ, ಹಗಲಿನಲ್ಲಿ ದೀಪ ಬೇಡ" ಎಂದು ಬರೆಸಿದೆವು. ಮೀಟರ್ ಹಿಡಿದು ನೋಡಿದ್ದೆನಲ್ಲ, ಧೈರ್ಯವಾಗಿ ಹೇಳಬಹುದಿತ್ತು.

ಆಮೇಲೆ

ನುಸಿ ಮತ್ತೆ ಬರಲಿಲ್ಲ. ಎರಡನೇ ತಿಂಗಳಲ್ಲಿ ಮನಿಪ್ಲಾಂಟ್ ಎಲೆಯ ಹಳದಿ ಚಿತ್ತಾರ ಮಾಸಿ ಹಸಿರಾಯಿತು. ಬೆಳಕು ಕಡಿಮೆ ಇದ್ದಾಗ ಹಾಗಾಗುತ್ತದೆ. ಯಾರೂ ಗಮನಿಸಲಿಲ್ಲ, ನಾವೂ ಬದಲಿಸಲಿಲ್ಲ. ಸ್ಪೈಡರ್ ಪ್ಲಾಂಟಿನ ಎಲೆ ತುದಿ ಸ್ವಲ್ಪ ಕಂದಾಯಿತು. ನೀರಿನಲ್ಲಿರುವ ಫ್ಲೋರೈಡ್, ಲವಣ ಅದಕ್ಕೆ ಆಗಿಬರುವುದಿಲ್ಲ. ಕತ್ತರಿಯಿಂದ ತುದಿಯನ್ನು ಎಲೆಯ ಆಕಾರಕ್ಕೇ ಓರೆಯಾಗಿ ಕತ್ತರಿಸಿದರೆ ಕತ್ತರಿಸಿದ್ದು ಗೊತ್ತಾಗುವುದಿಲ್ಲ.

ಮನೆ ಮಾರಾಟವಾಯಿತು. ಗಿಡದಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಸೋರಿಕೆ ನಿಂತಿತ್ತು, ಪರದೆ ಬದಲಾಗಿತ್ತು, ವಾಸನೆ ಹೋಗಿತ್ತು. ಗಿಡ ಇವೆಲ್ಲದರ ಜೊತೆಗಿತ್ತು.

ಕೊಂಡವರು ಗಿಡಗಳನ್ನೂ ಕೇಳಿದರು. ಅವರ ಮನೆಯಲ್ಲಿ ತೆವಳುವ ಮಗು, ಒಂದು ಬೆಕ್ಕು. ಯಾವುದು ಬಾಯಿಗೆ ಹೋದರೆ ಅಪಾಯ ಎಂದು ವಿಚಾರಿಸಿದರು. ಒಳ್ಳೆಯ ಪ್ರಶ್ನೆ, ಮಾರುವವರೇ ಮೊದಲು ಹೇಳಬೇಕಾದ ವಿಷಯ. ಜೀಜೀ, ಅಗ್ಲೋನೀಮಾ, ಮನಿಪ್ಲಾಂಟ್ ಮೂರೂ ಒಂದೇ ಕುಟುಂಬದವು. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಜಗಿದರೆ ಬಾಯಿ, ಗಂಟಲು ಉರಿಯುತ್ತದೆ. ಸ್ನೇಕ್ ಪ್ಲಾಂಟಿನಲ್ಲಿ ಸಪೋನಿನ್ ಇದೆ, ಬೆಕ್ಕು ನಾಯಿ ತಿಂದರೆ ವಾಂತಿ ಭೇದಿ ಆಗಬಹುದು. ಪಾರ್ಲರ್ ಪಾಮ್, ಸ್ಪೈಡರ್ ಪ್ಲಾಂಟ್ ಸಾಕುಪ್ರಾಣಿಗಳಿಗೆ ವಿಷವಲ್ಲ. ಅವೆರಡನ್ನೇ ಇಟ್ಟುಕೊಂಡರು. ಕುಂಡದ ಗಿಡ ಮನೆಯ ಭಾಗವಲ್ಲ, ಎತ್ತಿಕೊಂಡು ಹೋಗುವ ವಸ್ತು. ಹಾಗಾಗಿ ಬಿಟ್ಟುಹೋಗುವ ಸಾಮಾನಿನ ಪಟ್ಟಿಯಲ್ಲಿ ಎರಡು ಕುಂಡಗಳನ್ನೂ ಹೆಸರು ಹಿಡಿದು ಬರೆಸಿದೆವು.

ಸ್ನೇಕ್ ಪ್ಲಾಂಟ್ ಮತ್ತು ಅಗ್ಲೋನೀಮಾ ಅಂಕಲ್ ಮನೆಗೆ. ದೊಡ್ಡ ಜೀಜೀಯನ್ನು ಒಡತಿ ತರಿಸಿಕೊಂಡರು. ಚಿಕ್ಕ ಜೀಜೀ ಎರಡೂ ನನ್ನ ಮುಂದಿನ ಕೆಲಸಕ್ಕೆ ಹೋದವು. ಆ ಮನೆಯ ಬಾತ್‌ರೂಮಿಗೂ ಕಿಟಕಿ ಇಲ್ಲ, ಪಾಳಿಗೆ ಎರಡು ಬೇಕೇ ಬೇಕು.